ರೋಗ ಯಾವುದು ಅಂತ ಗೊತ್ತಾಗುವ ಮುಂಚೆಯೇ ಚಿಕಿತ್ಸೆ: ಎಮರ್ಜೆನ್ಸಿಯಲ್ಲಿ ತಲೆ ಓಡಿಸುವುದು ಹೇಗೆ?

ಹೊಸ_ಡ್ಯೂಟಿ

ಎಲ್ಲರಿಗೂ ನಮಸ್ಕಾರ. ಎಮರ್ಜೆನ್ಸಿ ವಿಭಾಗಕ್ಕೆ ಈಗಷ್ಟೇ ಸೇರಿದ ಕಿರಿಯ ವೈದ್ಯೆ ನಾನು. ಓದುವಾಗ ಎಲ್ಲಕ್ಕೂ ಒಂದು ಕ್ರಮ ಇತ್ತು. ರೋಗಿಯ ಮಾತು ಪೂರ್ತಿ ಕೇಳು, ಮೈ ಪರೀಕ್ಷಿಸು, ಟೆಸ್ಟ್ ಬರೆ, ರೋಗ ಯಾವುದೆಂದು ತೀರ್ಮಾನಿಸು, ಕೊನೆಗೆ ಔಷಧಿ ಕೊಡು. ಇಲ್ಲಿ ನೋಡಿದರೆ ಹೆಸರು ಕೇಳುವ ಹೊತ್ತಿಗೆ ಆಕ್ಸಿಜನ್ ಹಾಕಿ ಆಗಿರುತ್ತದೆ, ಕೈಗೆ ಡ್ರಿಪ್ ಹತ್ತಿರುತ್ತದೆ. ಹಿರಿಯರ ಪಕ್ಕದಲ್ಲೇ ನಿಂತು ನೋಡುತ್ತೇನೆ. ಅವರು ಹೇಗೆ ಆ ತೀರ್ಮಾನಕ್ಕೆ ಬಂದರು ಅನ್ನೋ ಎಳೆ ಮಾತ್ರ ಕೈಗೆ ಸಿಗುತ್ತಿಲ್ಲ.

ರೋಗ ಗೊತ್ತಿಲ್ಲದೆ ಚಿಕಿತ್ಸೆ ಶುರು ಮಾಡುವಾಗ ನಿಮ್ಮ ತಲೆಯಲ್ಲಿ ಏನು ಓಡುತ್ತಿರುತ್ತದೆ? ಪಟ್ಟಿಗಳು ಬೇಡ, ಅವು ನನ್ನ ಹತ್ತಿರ ಬೇಕಾದಷ್ಟಿವೆ. ಯೋಚಿಸುವ ದಾರಿ ಹೇಳಿ.

ರಾತ್ರಿಪಾಳಿ

ಒಳ್ಳೆ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಆಗುತ್ತೆ.

ವಾರ್ಡಿನಲ್ಲಿ ನಾವು ಕೇಳುವ ಪ್ರಶ್ನೆ "ಇವರಿಗೆ ಏನಾಗಿದೆ?" ಎಮರ್ಜೆನ್ಸಿಯಲ್ಲಿ ಮೊದಲ ಪ್ರಶ್ನೆ ಅದಲ್ಲ. "ಮುಂದಿನ ಕೆಲವು ನಿಮಿಷಗಳಲ್ಲಿ ಇವರ ಜೀವ ತೆಗೆಯುವಂಥದ್ದು ಏನಿದೆ?" ಅಂತ ಕೇಳಿಕೊಳ್ಳಬೇಕು. ಉಸಿರಿನ ದಾರಿ ತೆರೆದಿದೆಯಾ, ಉಸಿರಾಟ ಸರಿ ಇದೆಯಾ, ರಕ್ತ ಓಡ್ತಾ ಇದೆಯಾ, ಪ್ರಜ್ಞೆ ಹೇಗಿದೆ, ಬಟ್ಟೆ ಸರಿಸಿ ನೋಡಿದರೆ ಮೈಮೇಲೆ ಏನು ಕಾಣುತ್ತೆ. ಈ ಸಾಲು ನಿಮಗೆ ಬಾಯಿಪಾಠ ಇರಬಹುದು. ಆದರೆ ಅದು ಹೀಗೇ ಯಾಕೆ ಇದೆ ಅನ್ನೋದನ್ನ ಕಡಿಮೆ ಜನ ಹೇಳಿಕೊಡುತ್ತಾರೆ. ಉಸಿರಿನ ದಾರಿ ಕಟ್ಟಿದರೆ ಜೀವ ಹೋಗುವುದು ಎಲ್ಲಕ್ಕಿಂತ ಬೇಗ. ಬೇಗ ಕೊಲ್ಲುವುದು ಮೊದಲು, ನಿಧಾನವಾಗಿ ಕೊಲ್ಲುವುದು ಆಮೇಲೆ. ಹೊರಗೆ ಜೋರಾಗಿ ರಕ್ತ ಚಿಮ್ಮುತ್ತಿದ್ದರೆ ಮಾತ್ರ ಅದನ್ನ ಒತ್ತಿ ಹಿಡಿಯುವುದು ಎಲ್ಲಕ್ಕಿಂತ ಮೊದಲು.

ಗಾಯಾಳುಗಳಿಗೆ ಈ ಕ್ರಮ ಜಗತ್ತಿನ ತುಂಬ ಹರಡಿದ್ದಕ್ಕೆ ಒಂದು ದುರಂತ ಕಾರಣ. 1976ರಲ್ಲಿ ಜೇಮ್ಸ್ ಸ್ಟೈನರ್ ಅನ್ನೋ ಮೂಳೆ ಶಸ್ತ್ರವೈದ್ಯ ತಾನೇ ಓಡಿಸುತ್ತಿದ್ದ ಸಣ್ಣ ವಿಮಾನ ಅಮೆರಿಕದ ನೆಬ್ರಾಸ್ಕದ ಹೊಲವೊಂದರಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ತೀವ್ರ ಗಾಯ. ಹತ್ತಿರದ ಆಸ್ಪತ್ರೆಯಲ್ಲಿ ಆಗ ಸಿಕ್ಕ ಆರೈಕೆ ನೋಡಿ ಅವರಿಗೆ ತುಂಬ ನೋವಾಯಿತು. ಗಾಯಾಳುವನ್ನು ಮೊದಲು ನೋಡುವ ವೈದ್ಯ ಯಾರೇ ಆಗಲಿ, ಎಲ್ಲೇ ಇರಲಿ, ಒಂದೇ ಕ್ರಮದಲ್ಲಿ ನೋಡಬೇಕು ಅಂತ ಜೊತೆಗಾರರನ್ನ ಸೇರಿಸಿ ಒಂದು ತರಬೇತಿ ಕಟ್ಟಿದರು. ಮೊದಲ ಕೋರ್ಸ್ ನಡೆದದ್ದು 1978ರಲ್ಲಿ. ಇವತ್ತಿನ ಎಟಿಎಲ್‌ಎಸ್ ಅದೇ.

ಒಂದು ಉದಾಹರಣೆ ಕೊಡ್ತೀನಿ. ಎದೆಗೆ ಪೆಟ್ಟು ಬಿದ್ದವನೊಬ್ಬ ಬರುತ್ತಾನೆ. ಉಸಿರಿಗೆ ಒದ್ದಾಡುತ್ತಿದ್ದಾನೆ, ಬಿಪಿ ಬೀಳ್ತಾ ಇದೆ, ಕತ್ತಿನ ನರ ಉಬ್ಬಿದೆ. ಎದೆಯ ಒಂದು ಬದಿಗೆ ಸ್ಟೆತಸ್ಕೋಪ್ ಇಟ್ಟರೆ ಗಾಳಿಯ ಸದ್ದೇ ಇಲ್ಲ. ಗಾಳಿ ಶ್ವಾಸಕೋಶದ ಹೊರಗೆ ಸೇರಿಕೊಂಡು ಹೃದಯವನ್ನೇ ಅದುಮುತ್ತಿದೆ, ಟೆನ್ಶನ್ ನ್ಯೂಮೋಥೊರಾಕ್ಸ್. ಇಲ್ಲಿ ಎಕ್ಸ್‌ರೇಗೆ ಕಳಿಸಬಾರದು. ಕೂಡಲೇ ಆ ಬದಿಯ ಗಾಳಿ ಹೊರಬಿಡಬೇಕು. ವಯಸ್ಕರಲ್ಲಿ ನಾಲ್ಕನೇ ಅಥವಾ ಐದನೇ ಪಕ್ಕೆಲುಬಿನ ಸಂದು, ಕಂಕುಳ ನಡುಗೆರೆಗೆ ಸ್ವಲ್ಪ ಮುಂದೆ. ಗಾಳಿ ಹೊರಬಂದು ಬಿಪಿ ಮೇಲೆದ್ದರೆ ರೋಗನಿರ್ಣಯ ಆಯಿತು, ಚಿಕಿತ್ಸೆಯೂ ಆಯಿತು. ಎರಡೂ ಒಂದೇ ಕೈಯಲ್ಲಿ. ನೀವು ಹುಡುಕುತ್ತಿರುವ ಎಳೆ ಇದು.

ಟ್ರಯಾಜ್_ಸಿಸ್ಟರ್

ರಾತ್ರಿಪಾಳಿ ಹೇಳಿದ್ದು ರೋಗಿ ಒಳಗೆ ಬಂದಮೇಲಿನ ಮಾತು. ಒಳಗೆ ಯಾರನ್ನ ಮೊದಲು ಬಿಡಬೇಕು ಅನ್ನೋದು ನಮ್ಮ ಮೇಜಿನಲ್ಲಿ ತೀರ್ಮಾನ ಆಗುತ್ತದೆ. ಆ ಭಾಗದ ಬಗ್ಗೆ ಎರಡು ಮಾತು.

ಜೋರಾಗಿ ಕೂಗುವವರ ಉಸಿರಿನ ದಾರಿ ಸರಿ ಇದೆ, ಶ್ವಾಸಕೋಶದಲ್ಲಿ ಗಾಳಿ ಇದೆ, ಮೆದುಳಿಗೆ ರಕ್ತ ಹೋಗುತ್ತಿದೆ. ಅವರನ್ನ ನೋಡಲೇಬೇಕು, ನಿಜ. ಆದರೆ ನನ್ನ ಕಣ್ಣು ಮೊದಲು ಹುಡುಕುವುದು ಮೂಲೆಯಲ್ಲಿ ಸುಮ್ನೆ ಒರಗಿ ಕೂತವರನ್ನ. ಮುಖ ಬಿಳಿಚಿದೆಯಾ, ಹಣೆ ತಣ್ಣಗೆ ಬೆವರಿದೆಯಾ, ಒಂದು ವಾಕ್ಯ ಪೂರ್ತಿ ಮಾಡೋಕೆ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಾರಾ, ಮಗು ಆಟಿಕೆ ತೋರಿಸಿದರೂ ತಿರುಗಿ ನೋಡುತ್ತಿಲ್ಲವಾ. ಮಾತಾಡಿಸುವ ನೆಪದಲ್ಲಿ ಕೈ ಹಿಡಿಯುತ್ತೇನೆ. ನಾಡಿ ಸಿಗುತ್ತದೆ, ಚರ್ಮ ಬಿಸಿಯೋ ತಣ್ಣಗಿದೆಯೋ ಗೊತ್ತಾಗುತ್ತದೆ. ಬೆರಳ ತುದಿ ಅದುಮಿ ಬಿಟ್ಟರೆ ಬಣ್ಣ ಎರಡು ಸೆಕೆಂಡಿನೊಳಗೆ ವಾಪಸ್ ಬರಬೇಕು. ಬರಲಿಲ್ಲ ಅಂದರೆ ಬಿಪಿ ಯಂತ್ರ ಏನೇ ತೋರಿಸಲಿ, ನಾನು ಕಾಯುವುದಿಲ್ಲ.

ಇನ್ನೊಂದು, ಉಸಿರಿನ ಲೆಕ್ಕ. ಎಲ್ಲ ಚಾರ್ಟಿನಲ್ಲೂ ಕಣ್ಣುಮುಚ್ಚಿ 18 ಅಂತಲೋ 20 ಅಂತಲೋ ಬರೆದಿರುತ್ತಾರೆ. ನಾಡಿ, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) ಯಂತ್ರ ಹೇಳುತ್ತದೆ. ಉಸಿರನ್ನ ಮಾತ್ರ ನಾವೇ ಎಣಿಸಬೇಕು, ಅದಕ್ಕೇ ಬಿಟ್ಟುಹೋಗುತ್ತದೆ. ದೇಹ ಕೆಡುತ್ತಿದೆ ಅನ್ನೋದನ್ನ ಬಹಳ ಸಲ ಮೊದಲು ಹೇಳುವುದು ಈ ಅಂಕಿ. ನಿಮಿಷಕ್ಕೆ 28 ಇದ್ದು, ಎದೆಯಲ್ಲಿ ಕೆಟ್ಟ ಸದ್ದೇನೂ ಇಲ್ಲ, ಸ್ಯಾಚುರೇಶನ್ 99 ಅಂದರೆ ರಕ್ತದಲ್ಲಿ ಆಮ್ಲ ಏರಿದೆಯಾ ಅಂತ ಯೋಚಿಸಿ. ಸಕ್ಕರೆ ಕಾಯಿಲೆಯ ಕೀಟೋಆಸಿಡೋಸಿಸ್ ಇರಬಹುದು, ಸೋಂಕು ಇಡೀ ದೇಹವನ್ನ ಕೆಡಿಸುವ ಸೆಪ್ಸಿಸ್ ಇರಬಹುದು. "ಗಾಬರಿಗೆ ಹಾಗೆ ಉಸಿರಾಡ್ತಾ ಇದ್ದಾರೆ" ಅನ್ನೋ ಮಾತು ಕೊನೆಗೆ ಬರಲಿ, ಮೊದಲಿಗೆ ಬೇಡ.

ಮಗಳು_ಓದುಗಳು

ನಾನು ವೈದ್ಯೆ ಅಲ್ಲ. ಈ ಮಾತುಕತೆ ಓದುತ್ತಾ ಒಂದು ಪ್ರಶ್ನೆ ಬಂತು. ನಮ್ಮ ತಂದೆಗೆ ಹೊಟ್ಟೆನೋವು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಸರ್ಜನ್ ಬಂದು ನೋಡುವವರೆಗೆ ನೋವಿನ ಇಂಜೆಕ್ಷನ್ ಕೊಡುವುದಿಲ್ಲ, ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಅಂದರು. ಅಪ್ಪ ಮಂಚದ ಕಂಬಿ ಹಿಡಿದುಕೊಂಡು ಅಷ್ಟು ಹೊತ್ತೂ ನರಳಿದರು. ಅದು ನಿಜವಾಗಿಯೂ ಬೇಕಿತ್ತಾ?

ರಾತ್ರಿಪಾಳಿ

ಬೇಕಿರಲಿಲ್ಲ. ನಿಮ್ಮ ತಂದೆ ಅಷ್ಟು ನೋವು ತಿಂದದ್ದು ಓದಿ ಬೇಜಾರಾಯಿತು.

ಇದು ಹಳೆಯ ನಂಬಿಕೆ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಕೈಯಿಂದ ಹೊಟ್ಟೆ ಮುಟ್ಟಿ ನೋಡುವುದೇ ದೊಡ್ಡ ಆಧಾರ ಆಗಿತ್ತು. ಆಗ ಮಾರ್ಫಿನ್ ಡೋಸ್ ಕೂಡ ಜಾಸ್ತಿ ಕೊಡುತ್ತಿದ್ದರು, ರೋಗಿ ಮಂಪರಿಗೆ ಜಾರುತ್ತಿದ್ದ. ಆಮೇಲೆ ಈ ಪ್ರಶ್ನೆಯನ್ನೇ ಇಟ್ಟುಕೊಂಡು ಅಧ್ಯಯನಗಳು ನಡೆದವು. ಅಳತೆ ನೋಡಿ ಸ್ವಲ್ಪ ಸ್ವಲ್ಪವಾಗಿ ನೋವಿನ ಔಷಧಿ ಕೊಟ್ಟರೆ ರೋಗನಿರ್ಣಯ ತಪ್ಪುವುದು ಹೆಚ್ಚಾಗುವುದಿಲ್ಲ ಅಂತ ಅವು ತೋರಿಸಿದವು. ನನ್ನ ಅನುಭವದಲ್ಲಿ ಪರೀಕ್ಷೆ ಸುಲಭವೇ ಆಗುತ್ತದೆ. ಇಡೀ ಹೊಟ್ಟೆ ಬಿಗಿಹಿಡಿದವರು ಸ್ವಲ್ಪ ಸಡಿಲಾಗುತ್ತಾರೆ, ಆಗ ನಿಜವಾಗಿ ನೋಯುವ ಜಾಗ ಒಂದೇ ಉಳಿಯುತ್ತದೆ. ನೋವು ಇಳಿಸುವುದು ಚಿಕಿತ್ಸೆಯ ಭಾಗ. ಅದಕ್ಕೆ ರೋಗದ ಹೆಸರು ಸಿಗುವವರೆಗೆ ಕಾಯುವ ಕಾರಣ ಇಲ್ಲ.

ಇಸಿಜಿ_ಕಾಗದ

ಹೊಸ_ಡ್ಯೂಟಿ, ನಿಮಗೆ ದಿನಾ ಎದುರಾಗುವ ವಿಷಯಕ್ಕೆ ಬರ್ತೀನಿ. ಎದೆನೋವು.

ಹೃದಯಾಘಾತ, ಮಹಾಧಮನಿ ಸೀಳಿಕೆ, ಶ್ವಾಸಕೋಶಕ್ಕೆ ರಕ್ತದ ಹೆಪ್ಪು, ಟೆನ್ಶನ್ ನ್ಯೂಮೋಥೊರಾಕ್ಸ್, ಹೃದಯದ ಸುತ್ತ ದ್ರವ ತುಂಬಿಕೊಳ್ಳುವುದು, ಅನ್ನನಾಳ ಒಡೆಯುವುದು. ಈ ಆರನ್ನ ಮನಸ್ಸಿನಲ್ಲೇ ಒಂದೊಂದಾಗಿ ಕೇಳಿಕೊಂಡು ಮುಂದೆ ಹೋಗಬೇಕು. ಗ್ಯಾಸ್, ಮಾಂಸಖಂಡದ ನೋವು ಇವೆಲ್ಲ ಜಾಸ್ತಿ ಕಾಣಿಸಿಕೊಳ್ಳುತ್ತವೆ, ಅದು ಗೊತ್ತು. ಆದರೆ ಅವು ಅವತ್ತು ರಾತ್ರಿ ಯಾರನ್ನೂ ಕೊಲ್ಲುವುದಿಲ್ಲ.

ಹತ್ತಿರದಿಂದ ಒಂದು ಕೇಸ್ ನೋಡೋಣ. ಅರವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಹೆಂಗಸು. "ಎದೆನೋವು ಇದೆಯಾ?" ಅಂದರೆ "ಇಲ್ಲ" ಅನ್ನುತ್ತಾರೆ. ಹೊಟ್ಟೆ ಮೇಲ್ಭಾಗ ಒಂಥರಾ ಅಂತ ಕೈಯಾಡಿಸುತ್ತಾರೆ. ವಾಂತಿ ಬಂದಹಾಗೆ ಆಗುತ್ತೆ, ಸುಸ್ತು, ಬೆವರು. ಜೊತೆಗಿದ್ದವರು ಅಸಿಡಿಟಿ ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದಾರೆ. ಇಲ್ಲಿ ಮೊದಲು ಆಗಬೇಕಾದ್ದು ಇಸಿಜಿ. ಹೃದಯದ ಅನುಮಾನ ಬಂದರೆ ಬಾಗಿಲು ದಾಟಿದ 10 ನಿಮಿಷದೊಳಗೆ ಅದನ್ನ ತೆಗೆದು, ಓದಲು ಬರುವವರ ಕಣ್ಣಿಗೆ ತೋರಿಸಿರಬೇಕು. ಎರಡು, ಮೂರು, ಎವಿಎಫ್ ಲೀಡುಗಳಲ್ಲಿ ಇಸಿಜಿ ಗೆರೆಯ ಭಾಗವಾದ ಎಸ್‌ಟಿ ಮೇಲೆದ್ದಿದೆ. ಹೃದಯದ ಕೆಳಗೋಡೆಯ ಅಟ್ಯಾಕ್.

ಈಗ ನಾಲಗೆ ಕೆಳಗೆ ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮಾತ್ರೆ ಇಡೋಣ ಅಂತ ಕೈ ಹೋಗುತ್ತದೆ. ನಿಲ್ಲಿ. ಕೆಳಗೋಡೆಯ ಅಟ್ಯಾಕ್ ಇದ್ದಾಗ ಬಲ ಹೃತ್ಕುಕ್ಷಿಗೂ ಪೆಟ್ಟು ಬಿದ್ದಿರಬಹುದು. ಅದು ಒಳಗೆ ಬರುವ ರಕ್ತದ ಒತ್ತಡ ನಂಬಿಕೊಂಡು ಕೆಲಸ ಮಾಡುತ್ತಿರುತ್ತದೆ. ನೈಟ್ರೇಟ್ ಆ ರಕ್ತವನ್ನ ಕಡಿಮೆ ಮಾಡಿದರೆ ಬಿಪಿ ದಢಾರನೆ ಬೀಳಬಹುದು. ಎದೆಯ ಬಲಭಾಗಕ್ಕೂ ಲೀಡ್ ಹಾಕಿ ಇನ್ನೊಂದು ಇಸಿಜಿ ತೆಗೆಯಿರಿ. ಆಸ್ಪಿರಿನ್ 300 ಮಿಲಿಗ್ರಾಂ ಅಗಿದು ನುಂಗಲು ಕೊಡಿ, ಅಲರ್ಜಿ ಇಲ್ಲ ಅಂತ ಕೇಳಿಕೊಂಡು. ಇಷ್ಟು ಸಣ್ಣ ಮಾತ್ರೆ ಎಷ್ಟು ಜೀವ ಉಳಿಸುತ್ತದೆ ಅಂತ 1988ರ ಐಸಿಸ್-2 ಅಧ್ಯಯನ ತೋರಿಸಿತು. ಆಸ್ಪಿರಿನ್ ಒಂದೇ ಕೊಟ್ಟವರಲ್ಲೂ ಮೊದಲ ಐದು ವಾರಗಳ ಹೃದಯ, ರಕ್ತನಾಳ ಸಂಬಂಧಿ ಸಾವು ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಿತು.

ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದದ್ದನ್ನ ತೋರಿಸುವ ರಕ್ತಪರೀಕ್ಷೆ) ಬರಲಿ ಅಂತ ಕಾಯಬೇಡಿ. ಎಸ್‌ಟಿ ಎದ್ದಿರುವುದು ಕಾಣುತ್ತಿದ್ದರೆ ಮುಚ್ಚಿದ ರಕ್ತನಾಳ ತೆರೆಸುವ ಕೆಲಸ ಶುರು ಆಗಬೇಕು. ಅದೇ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಇದ್ದರೆ 90 ನಿಮಿಷದೊಳಗೆ ಬಲೂನ್ ಒಳಗೆ ಹೋಗಬೇಕು ಅನ್ನೋದು ಗುರಿ.

ಹೊಸ_ಡ್ಯೂಟಿ

ಬಲಭಾಗದ ಇಸಿಜಿ ವಿಷಯ ಓದಿದ್ದೆ, ಆದರೆ ಅದನ್ನ ಯಾವ ಗಳಿಗೆಯಲ್ಲಿ ನೆನಪಿಸಿಕೊಳ್ಳಬೇಕು ಅಂತ ಈಗ ತಿಳಿಯಿತು. ಮೊದಲ ಇಸಿಜಿ ನಾರ್ಮಲ್ ಬಂದರೆ?

ಇಸಿಜಿ_ಕಾಗದ

ಒಂದು ನಾರ್ಮಲ್ ಇಸಿಜಿ ಆ ಹತ್ತು ಸೆಕೆಂಡಿನ ಚಿತ್ರ ಅಷ್ಟೇ. ನೋವು ಮುಂದುವರಿದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ, ಹಳೆಯದರ ಪಕ್ಕದಲ್ಲಿ ಇಟ್ಟು ನೋಡಿ. ಟ್ರೋಪೋನಿನ್ ಕೂಡ ಹಾಗೇ. ನೋವು ಶುರುವಾದ ತಕ್ಷಣ ಏರುವುದಿಲ್ಲ. ಎರಡು ಸಲ ನೋಡಿ ಏರುತ್ತಿದೆಯಾ ಅಂತ ಹೋಲಿಸಬೇಕು.

ಇನ್ನೊಂದು ಎಚ್ಚರಿಕೆ. ನೋವು ಮೊದಲ ಕ್ಷಣದಿಂದಲೇ ಸಹಿಸಲಾಗದಷ್ಟು ಜೋರಾಗಿ ಬಂತು, ಸೀಳಿದ ಹಾಗೆ ಬೆನ್ನಿಗೆ ಹೋಯಿತು ಅಂದರೆ, ರಕ್ತ ತೆಳು ಮಾಡುವ ಔಷಧಿ ಕೊಡುವ ಮುಂಚೆ ಮಹಾಧಮನಿ ಸೀಳಿಕೆ ಬಗ್ಗೆ ಯೋಚಿಸಿ. ಎರಡೂ ಕೈಯ ಬಿಪಿ ನೋಡಿ. ಹೃದಯಾಘಾತಕ್ಕೆ ಅಮೃತ ಆಗುವ ಔಷಧಿ ಇಲ್ಲಿ ಜೀವ ತೆಗೆಯಬಹುದು.

ಲ್ಯಾಬ್_ಬೆಳಕು

ಒಂದು ಮಾತು ಒಪ್ಪುವುದು ಕಷ್ಟ ಆಗ್ತಿದೆ. ಇಷ್ಟೆಲ್ಲ ಅಪಾಯ ಇರುವಾಗ ಬಂದವರಿಗೆಲ್ಲ ಪೂರ್ತಿ ರಕ್ತಪರೀಕ್ಷೆ, ಡಿ-ಡೈಮರ್ (ರಕ್ತದ ಹೆಪ್ಪಿನ ಸುಳಿವು ಕೊಡುವ ಪರೀಕ್ಷೆ), ಸಿಟಿ ಎಲ್ಲಾ ಒಟ್ಟಿಗೆ ಮಾಡಿಬಿಟ್ಟರೆ ಏನೂ ತಪ್ಪಿಹೋಗುವುದಿಲ್ಲ ಅಲ್ವಾ?

ರಾತ್ರಿಪಾಳಿ

ಇಲ್ಲ, ಇದನ್ನ ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ.

ಡಿ-ಡೈಮರ್ ತಗೊಳ್ಳಿ. ಹೆಪ್ಪು ಇರುವ ಸಾಧ್ಯತೆ ಕಡಿಮೆ ಅಂತ ನೀವು ಮೊದಲೇ ಅಂದಾಜು ಮಾಡಿದವರಲ್ಲಿ ಅದು ನಾರ್ಮಲ್ ಬಂದರೆ, ನೆಮ್ಮದಿಯಿಂದ ಹೆಪ್ಪಿಲ್ಲ ಅನ್ನಬಹುದು. ಅದರ ಕೆಲಸ ಅಷ್ಟೇ. ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ, ಸೋಂಕು ಇದ್ದವರಲ್ಲಿ, ಮೊನ್ನೆ ಆಪರೇಷನ್ ಆದವರಲ್ಲಿ ಸುಮ್ಮನೆಯೇ ಏರಿರುತ್ತದೆ. ಯೋಚಿಸದೆ ಕಳಿಸಿದರೆ ಏರಿದ ಅಂಕಿ ಬರುತ್ತದೆ, ಅದರ ಹಿಂದೆ ಸಿಟಿ ಹೋಗುತ್ತದೆ, ಸಿಟಿಗೆ ಕೊಡುವ ಕಾಂಟ್ರಾಸ್ಟ್, ವಿಕಿರಣ, ಅಲ್ಲಿ ಕಂಡ ಬೇರೇನೋ ಸಣ್ಣ ಗಂಟಿನ ಬೆನ್ನಟ್ಟುವಿಕೆ. ಅಷ್ಟು ಹೊತ್ತು ಆ ಯಂತ್ರ ತಲೆಗೆ ಪೆಟ್ಟು ಬಿದ್ದವನಿಗೆ ಸಿಗುವುದಿಲ್ಲ.

ಪರೀಕ್ಷೆ ಬರೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಫಲಿತಾಂಶ ಹೀಗೆ ಬಂದರೆ ಏನು ಮಾಡ್ತೀನಿ, ಹಾಗೆ ಬಂದರೆ ಏನು ಮಾಡ್ತೀನಿ? ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆ ಬೇಡ. ಉಳುಕಿದ ಪಾದಕ್ಕೆ ಎಕ್ಸ್‌ರೇ ಬೇಕಾ ಅಂತ ಕೈಯಿಂದಲೇ ಹೇಳುವ ಒಟ್ಟಾವ ನಿಯಮಗಳು 1992ರಲ್ಲಿ ಬಂದವು. ಕಣಕಾಲಿನ ಎರಡು ಗಂಟುಗಳ ಹಿಂಭಾಗ ಒತ್ತಿದರೆ ನೋವಿದೆಯಾ, ಪೆಟ್ಟಾದ ಕೂಡಲೇ ಮತ್ತು ಇಲ್ಲಿಗೆ ಬಂದಮೇಲೆ ನಾಲ್ಕು ಹೆಜ್ಜೆ ಹಾಕಲು ಆಯಿತಾ, ಪಾದದ ಒಂದೆರಡು ಜಾಗ. ಇಷ್ಟು ನೋಡಿ ಎಷ್ಟೋ ಎಕ್ಸ್‌ರೇ ಬಿಡಬಹುದು.

ಸೈರನ್_ಹಿಂದೆ

ಆಂಬುಲೆನ್ಸಿನಲ್ಲಿ ಕೆಲಸ ಮಾಡುವವನು ನಾನು. ಪರೀಕ್ಷೆ ಬಗ್ಗೆ ಮಾತು ಬಂದಾಗ ಎಲ್ಲರಿಗೂ ಮಾಡಲೇಬೇಕಾದ ಒಂದು ಪರೀಕ್ಷೆ ನೆನಪಿಸ್ತೀನಿ. ಪ್ರಜ್ಞೆ ಏರುಪೇರಾದ ಯಾರೇ ಆಗಲಿ, ಬೆರಳು ಚುಚ್ಚಿ ಸಕ್ಕರೆ ನೋಡಿ. ಸಕ್ಕರೆ ಇಳಿದರೆ ಮಾತು ತೊದಲುತ್ತದೆ, ಒಂದು ಬದಿಯ ಕೈಕಾಲು ಬಲ ಕಳೆದುಕೊಳ್ಳುತ್ತದೆ, ಥೇಟ್ ಸ್ಟ್ರೋಕ್ ಥರ. ಡ್ರಿಪ್ಪಿನಲ್ಲಿ ಗ್ಲೂಕೋಸ್ ಹೋದ ಕೆಲವೇ ನಿಮಿಷದಲ್ಲಿ ಮನುಷ್ಯ ಎದ್ದು ಕೂತು ಎಲ್ಲಿದ್ದೀನಿ ಅಂತ ಕೇಳುತ್ತಾನೆ.

ಬಾಯಿಂದ ಹೆಂಡದ ವಾಸನೆ ಬಂದವರ ಬಗ್ಗೆ ವಿಶೇಷವಾಗಿ ಹೇಳಬೇಕು. "ಕುಡಿದಿದ್ದಾನೆ, ಮಲಗಲಿ ಬಿಡಿ" ಅಂದ ಕೂಡಲೇ ಎಲ್ಲರ ಯೋಚನೆ ಅಲ್ಲೇ ನಿಂತುಬಿಡುತ್ತದೆ. ಕುಡಿದವರು ಬೀಳ್ತಾರೆ, ತಲೆಯೊಳಗೆ ರಕ್ತ ಕಟ್ಟುತ್ತದೆ, ಅವರ ಸಕ್ಕರೆ ಇಳಿಯುತ್ತದೆ, ಅವರಿಗೂ ಮೆದುಳುಜ್ವರ ಬರುತ್ತದೆ. ಕೂದಲ ನಡುವೆ ಬೆರಳಾಡಿಸಿ ಬಾವು ಇದೆಯಾ ನೋಡಿ, ಎರಡೂ ಪಾಪೆಗೆ ಬೆಳಕು ಹಿಡಿಯಿರಿ. ಗಂಟೆ ಕಳೆದಂತೆ ಅಮಲು ಇಳಿಯಬೇಕು. ಇಳಿಯದೆ ಮಂಪರು ಏರುತ್ತಿದ್ದರೆ ಅದು ಹೆಂಡದ್ದಲ್ಲ.

ಸ್ಟ್ರೋಕ್ ಆದಾಗ ಮನೆಯವರನ್ನ "ಯಾವಾಗ ನೋಡಿದಿರಿ?" ಅಂತ ಕೇಳಿದರೆ ಸಾಲದು. "ಕೊನೆಯದಾಗಿ ಚೆನ್ನಾಗಿದ್ದದ್ದನ್ನ ಯಾರು, ಎಷ್ಟು ಗಂಟೆಗೆ ನೋಡಿದ್ದಾರೆ?" ಅಂತ ಕೇಳಬೇಕು. ನಿದ್ದೆಯಿಂದ ಎದ್ದಾಗ ಕಾಣಿಸಿದರೆ, ಲೆಕ್ಕ ಮಲಗಿದ ಹೊತ್ತಿನಿಂದ. ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ 4.5 ಗಂಟೆ ಮಿತಿ. ಅದಕ್ಕೂ ಮುಂಚೆ ಮೆದುಳಲ್ಲಿ ರಕ್ತಸ್ರಾವ ಇಲ್ಲ ಅಂತ ಸಿಟಿಯಲ್ಲಿ ಖಚಿತ ಆಗಬೇಕು. ದೊಡ್ಡ ನಾಳ ಮುಚ್ಚಿದ್ದರೆ, ಆಯ್ದ ಕೆಲವರಲ್ಲಿ 24 ಗಂಟೆವರೆಗೂ ಹೆಪ್ಪನ್ನ ತಂತಿ ಹಾಕಿ ಎಳೆಯುವ ಅವಕಾಶ ಇದೆ. ಹಾಗಂತ ಸಾವಕಾಶ ಮಾಡಬಾರದು, ಒಂದೊಂದು ನಿಮಿಷಕ್ಕೂ ಮೆದುಳು ಕಳೆದುಕೊಳ್ಳುತ್ತಿದ್ದೇವೆ.

ಇನ್ನೊಂದು. ಒಂದೇ ಮನೆಯ ಎಲ್ಲರಿಗೂ ತಲೆನೋವು, ವಾಕರಿಕೆ, ಮುಚ್ಚಿದ ಕೋಣೆ, ಒಳಗೆ ಏನೋ ಉರಿಯುತ್ತಿತ್ತು ಅಂದರೆ ಕಾರ್ಬನ್ ಮಾನಾಕ್ಸೈಡ್ ಅಂತ ಅನುಮಾನಿಸಿ. ಬೆರಳಿಗೆ ಹಾಕುವ ಮಾಮೂಲಿ ಮೀಟರಿಗೆ ಆ ಅನಿಲ ಸೇರಿದ ರಕ್ತಕ್ಕೂ ಆಕ್ಸಿಜನ್ ಸೇರಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, 98 ತೋರಿಸುತ್ತಲೇ ಇರುತ್ತದೆ. ಆ ಅಂಕಿ ನಂಬಿ ಮನೆಗೆ ಕಳಿಸಿದರೆ ಅದೇ ಕೋಣೆಗೆ ವಾಪಸ್ ಹೋಗ್ತಾರೆ. ಅದಕ್ಕೇ ನಾವು ರೋಗಿಯ ಜೊತೆ ಆ ಜಾಗದ ವಿಷಯವನ್ನೂ ಹೊತ್ತು ತರ್ತೀವಿ. ನಾವು ಹೇಳುವ ಆ ಅರ್ಧ ನಿಮಿಷ ದಯವಿಟ್ಟು ಎಲ್ಲರೂ ಸುಮ್ಮನೆ ನಿಂತು ಕೇಳಿ.

ಹಿರಿಯ_ಬೋಧಕಿ

ಸೈರನ್_ಹಿಂದೆ ಹೇಳಿದ "ಯೋಚನೆ ಅಲ್ಲೇ ನಿಂತುಬಿಡುತ್ತದೆ" ಅನ್ನೋದು ಈ ಕೆಲಸದ ದೊಡ್ಡ ಅಪಾಯ. ಕೆನಡಾದ ಎಮರ್ಜೆನ್ಸಿ ವೈದ್ಯ ಪ್ಯಾಟ್ ಕ್ರಾಸ್ಕೆರಿ ಇದರ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ರೋಗ ಗೊತ್ತಿಲ್ಲದೆ ಮಾತ್ರ ತಪ್ಪಾಗುವುದಿಲ್ಲ, ಗೊತ್ತಿರುವ ರೋಗ ಆ ಹೊತ್ತಿಗೆ ಮನಸ್ಸಿಗೆ ಬರದೆಯೂ ತಪ್ಪಾಗುತ್ತದೆ. ಮೊದಲು ಕಿವಿಗೆ ಬಿದ್ದ ಹೆಸರಿಗೆ ಮನಸ್ಸು ಅಂಟಿಕೊಳ್ಳುತ್ತದೆ, ಆಮೇಲೆ ಅದಕ್ಕೆ ಹೊಂದುವ ಲಕ್ಷಣ ಮಾತ್ರ ಕಣ್ಣಿಗೆ ಕಾಣುತ್ತದೆ.

ನಾನು ವಿದ್ಯಾರ್ಥಿಗಳಿಗೆ ಮಾಡಿಸುವುದು ಇಷ್ಟು. ರೋಗಿಯನ್ನ ವಾರ್ಡಿಗೋ ಮನೆಗೋ ಕಳಿಸುವ ಮುಂಚೆ ಒಮ್ಮೆ ಕೂತು, "ಇದು ನಾನಂದುಕೊಂಡದ್ದು ಅಲ್ಲದಿದ್ದರೆ ಇನ್ನೇನು? ಯಾವ ಲಕ್ಷಣ ಹೊಂದುತ್ತಿಲ್ಲ?" ಅಂತ ಕೇಳಿಕೊಳ್ಳಬೇಕು. ಕಿಡ್ನಿ ಕಲ್ಲಿನ ನೋವು ಅಂತ ಬಂದ, ವಯಸ್ಸಾದ, ಸಿಗರೇಟು ಸೇದುವವನಲ್ಲಿ ಹೊಟ್ಟೆಯ ಮಹಾಧಮನಿ ಉಬ್ಬಿ ಸೋರುತ್ತಿರಬಹುದು. ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಒಂದೆರಡು ನಿಮಿಷದ ಕೆಲಸ. ಹೊಟ್ಟೆನೋವು ಅಂತ ಬಂದ, ಮಕ್ಕಳಾಗುವ ವಯಸ್ಸಿನ ಹೆಂಗಸಿಗೆ ಗರ್ಭಪರೀಕ್ಷೆ ಆಗಲೇಬೇಕು, ಅವರು ಸಾಧ್ಯತೆ ಇಲ್ಲ ಅಂದರೂ ಸರಿ. ನಾಳದಲ್ಲಿ ಬೆಳೆದ ಗರ್ಭ ಒಡೆದರೆ ರಕ್ತ ಒಳಗೇ ಸೋರುತ್ತದೆ, ಹೊರಗೆ ಹನಿಯೂ ಕಾಣದಿರಬಹುದು. ಹೊಟ್ಟೆನೋವು ಅಂತ ಬಂದ ಹುಡುಗನ ವೃಷಣವನ್ನೂ ನೋಡಿ. ನಾಚಿಕೆಯಿಂದ ಅವನು ಹೇಳಿರುವುದಿಲ್ಲ. ತಿರುಚಿಕೊಂಡಿದ್ದರೆ ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಉಳಿಯುವ ಸಾಧ್ಯತೆ ಜಾಸ್ತಿ.

ಟ್ರಯಾಜ್_ಸಿಸ್ಟರ್

ಅಲರ್ಜಿ ಬಗ್ಗೆ ಯಾರೂ ಹೇಳಲಿಲ್ಲ. ಅನಾಫಿಲಾಕ್ಸಿಸ್ (ಜೀವಕ್ಕೇ ಕುತ್ತು ತರುವ ಅಲರ್ಜಿ) ಅಂದರೆ ಮೈಮೇಲೆ ದದ್ದು ಇರಲೇಬೇಕು ಅಂತ ಕಾಯುವವರಿದ್ದಾರೆ. ಕೆಲವರಿಗೆ ಚರ್ಮದಲ್ಲಿ ಏನೂ ಇರುವುದಿಲ್ಲ, ನೇರ ಬಿಪಿ ಬೀಳುತ್ತದೆ ಅಥವಾ ಗಂಟಲು ಕಟ್ಟುತ್ತದೆ. ಅಡ್ರಿನಲಿನ್ ಮೊದಲು. ವಯಸ್ಕರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಮಾಂಸಖಂಡಕ್ಕೆ, ಸಾಲದಿದ್ದರೆ 5 ನಿಮಿಷಕ್ಕೆ ಮತ್ತೆ. ಮಲಗಿಸಿ ಕಾಲು ಎತ್ತರಕ್ಕಿಡಿ, ಉಸಿರಿಗೆ ಕಷ್ಟ ಇದ್ದರೆ ಕೂರಿಸಿ. ದಡಕ್ಕನೆ ಎದ್ದು ನಿಲ್ಲಲು ಬಿಡಬೇಡಿ. ಸ್ಟೀರಾಯ್ಡ್, ಅಲರ್ಜಿ ಇಂಜೆಕ್ಷನ್ ಹುಡುಕುತ್ತಾ ಅಡ್ರಿನಲಿನ್ ತಡ ಮಾಡುವುದನ್ನ ಕಂಡರೆ ನನಗೆ ಸಂಕಟ ಆಗುತ್ತೆ.

ಹೊಸ_ಡ್ಯೂಟಿ

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ಊಹೆಯ ಮೇಲೆ ಶುರು ಮಾಡಿದ ಚಿಕಿತ್ಸೆ ಸರಿ ಇದೆಯಾ ಅಂತ ಹೇಗೆ ತಿಳಿಯುವುದು? ಮತ್ತೆ, ರೋಗ ಯಾವುದೆಂದು ಕೊನೆಗೂ ಗೊತ್ತಾಗದೆ ಮನೆಗೆ ಕಳಿಸುವಾಗ ಏನು ಹೇಳುವುದು? "ಏನೂ ಇಲ್ಲ" ಅನ್ನೋಕೆ ಮನಸ್ಸು ಒಪ್ಪುವುದಿಲ್ಲ.

ರಾತ್ರಿಪಾಳಿ

ಮೊದಲನೆಯದಕ್ಕೆ ಉತ್ತರ, ಮತ್ತೆ ಹೋಗಿ ನೋಡುವುದು. ಸೆಪ್ಸಿಸ್ ಅನುಮಾನದಲ್ಲಿ ಬಿಪಿ ಬಿದ್ದವರಿಗೆ ಕಲ್ಚರಿಗೆ ರಕ್ತ ತೆಗೆದು ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರು ಮಾಡ್ತೀವಿ, ದ್ರವ ಕೊಡ್ತೀವಿ. ಯಾವ ರೋಗಾಣು ಅಂತ ತಿಳಿಯಲು ಒಂದೆರಡು ದಿನ ಬೇಕು, ಅಷ್ಟು ಕಾಯುವ ಹಾಗಿಲ್ಲ. ಆದರೆ ಡ್ರಿಪ್ ಏರಿಸಿ ಬೇರೆ ರೋಗಿಯ ಹತ್ತಿರ ಹೋಗಿಬಿಟ್ಟರೆ ಕೆಲಸ ಅರ್ಧ ಆದಂತೆ. ಅರ್ಧ ಲೀಟರ್ ಹೋದಮೇಲೆ ವಾಪಸ್ ಬಂದು ಕೈ ಬೆಚ್ಚಗಾಯಿತಾ, ಉಸಿರಿನ ಲೆಕ್ಕ ಇಳಿಯಿತಾ, ಮೂತ್ರ ಬಂತಾ, ಶ್ವಾಸಕೋಶದ ಬುಡದಲ್ಲಿ ಹೊಸದಾಗಿ ಗುಳುಗುಳು ಸದ್ದು ಕೇಳುತ್ತಿದೆಯಾ ನೋಡಿ. ನಿರೀಕ್ಷಿಸಿದ ಹಾಗೆ ಚೇತರಿಸಿಕೊಳ್ಳದಿದ್ದರೆ ಡೋಸ್ ಏರಿಸುವ ಮುಂಚೆ ಊಹೆಯನ್ನೇ ಪ್ರಶ್ನಿಸಿ.

ಎರಡನೆಯದು ಸಿಸ್ಟರ್ ನನಗಿಂತ ಚೆನ್ನಾಗಿ ಹೇಳ್ತಾರೆ.

ಟ್ರಯಾಜ್_ಸಿಸ್ಟರ್

"ಏನೂ ಇಲ್ಲ" ಅಂತ ಹೇಳಬೇಡಿ, ಅವರಿಗೆ ನೋವಿದೆ. ನಾನು ಹೇಳುವುದು ಹೀಗೆ: "ಜೀವಕ್ಕೆ ಅಪಾಯ ಮಾಡುವಂಥದ್ದು ಇದೆಯಾ ಅಂತ ಹುಡುಕಿದೆವು, ಈ ಹೊತ್ತಿಗೆ ಕಾಣಿಸಲಿಲ್ಲ. ನೋವಿಗೆ ಕಾರಣ ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಕೆಲವು ಕಾಯಿಲೆ ಶುರುವಿನಲ್ಲಿ ಕಾಣುವುದಿಲ್ಲ." ಆಮೇಲೆ ಏನಾದರೆ ವಾಪಸ್ ಬರಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಡ್ತೀನಿ. ಹೊಟ್ಟೆನೋವಿನವರಿಗೆ ನೋವು ಬಲಗಡೆ ಕೆಳಕ್ಕೆ ಇಳಿದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ತಲೆಸುತ್ತಿ ಬಿದ್ದರೆ. ನೋವು ಹಾಗೇ ಇದ್ದರೆ 12 ಗಂಟೆಯೊಳಗೆ ಮತ್ತೆ ತೋರಿಸಿ ಅಂತ ಗಂಟೆ ಸಮೇತ. ಬರೆದ ಮೇಲೆ "ಮನೆಗೆ ಹೋಗಿ ಏನೇನು ನೋಡ್ಕೊಳ್ತೀರಿ, ಒಂದು ಸಲ ನೀವೇ ಹೇಳಿ" ಅಂತ ಅವರ ಬಾಯಿಂದಲೇ ಕೇಳಿಸಿಕೊಂಡು ಕಳಿಸ್ತೀನಿ. ಮನೆಯಲ್ಲಿ ರಾತ್ರಿ ಜೊತೆಗೆ ಇರುವವರು ಯಾರು ಅಂತಲೂ ಕೇಳಿ. ಒಬ್ಬರೇ ಇರ್ತಾರೆ ಅಂತ ಗೊತ್ತಾದರೆ ನಾನು ಡಾಕ್ಟರ್ ಹತ್ತಿರ ಹೋಗಿ ಬೆಳಗಿನವರೆಗೆ ಇಲ್ಲೇ ಇಟ್ಟುಕೊಳ್ಳೋಣ ಅಂತ ಕೇಳ್ತೀನಿ.